ತವರುಕಸ

"ಬಸುರಿ ಮ್ಯಾಲೆ ಕುಡುಗೋಲು ಹಾಕಾಕೆ ನನ್ ಕೈಲಾಗಲ್ಲ. ಬೇಕಾದ್ರೆ ನೀನೇ ಕೊಯ್ಕೊ," ಎಂದು ಗಿಡ್ಡಪ್ಪ ಬದುವಿನ ಮೇಲೆ ಕೂತ. ಕೂತವನು ಬೀಡಿ ಹಚ್ಚಿದ. ಅವನು ಬೀಡಿ ಹಚ್ಚಿದನೆಂದರೆ ಮಾತು ಮುಗಿಯಿತೆಂದು ಅರ್ಥ. ಬಂಗಾರಮ್ಮನಿಗೆ ಇದು ಮದುವೆಯಾದ ತಿಂಗಳಲ್ಲೇ ತಿಳಿದಿತ್ತು.

ಗೋಣಿಮರದ ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಮೇವಿಗೆಂದು ಒತ್ತೊತ್ತಾಗಿ ಬಿತ್ತಿದ್ದರಿಂದ ಎರಡು ದಂಟಿನ ನಡುವೆ ಬೆಕ್ಕು ತೂರುವುದಕ್ಕೂ ಜಾಗವಿರಲಿಲ್ಲ. ಹಿಂದಿನ ದಿನ ಮಖೆ ಮಳೆ ಹದವಾಗಿ ಬಿದ್ದು, ಜಗಳೂರು ಸೀಮೆಯ ಮಟ್ಟಿಗೆ ಅತಿಶಯ ಅನ್ನಬಹುದಾದ ಹಸಿರು ಹೊಲದ ಮೇಲೆ ಕೂತಿತ್ತು. ಪ್ರತಿ ದಂಟಿನ ತುದಿಯಲ್ಲೂ ಕೊನೆಯ ಎಲೆ ಸುತ್ತಿಕೊಂಡ ಕಡೆ ತೆನೆ ಇನ್ನೂ ಹೊರಗೆ ಬಾರದೆ ಒಳಗೊಳಗೇ ಉಬ್ಬಿತ್ತು. ಇದಕ್ಕೆ ಹೊಡೆ ಅನ್ನುತ್ತಾರೆ. ಆ ಮನೆಯವರು ಹೊಡೆ ತುಂಬಿದ ಹೊಲವನ್ನು ಬಸುರಿ ಎಂದು ಕರೆಯುತ್ತಿದ್ದರು. ಕರೆದು ಸುಮ್ಮನಾಗದೆ ಹಾಗೇ ನಡೆಸಿಕೊಳ್ಳುತ್ತಿದ್ದರು. ಒಳಗೆ ಕೆರ ಮೆಟ್ಟಿ ಹೋಗಬಾರದು. ಗಟ್ಟಿಯಾಗಿ ಬೈಯಬಾರದು, ಆ ದಿನಗಳಲ್ಲಿ ಗಿಡ್ಡಪ್ಪ ತನ್ನ ಎತ್ತುಗಳನ್ನು ಹಳ್ಳದಾಚೆಗೆ ಹೊಡೆದುಕೊಂಡು ಹೋಗಿ ಅಲ್ಲಿ ಬೈದು ಬರುತ್ತಿದ್ದ. ಎಲ್ಲಕ್ಕಿಂತ ಮುಖ್ಯ, ಕಬ್ಬಿಣ ತರಬಾರದು. ಗಿಡ್ಡಪ್ಪನ ತಾಯಿ ಉಚ್ಚಂಗೆಮ್ಮ ಒಂದು ಒಳ್ಳೆಯ ವಾರ ನೋಡಿ, ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ ಇಟ್ಟುಕೊಂಡು ಬಂದು, ಮೊದಲ ಸಾಲಿನ ದಂಟಿಗೆ ಬಳೆ ತೊಡಿಸಿ ಹೊಲದ ಮಡಿಲು ತುಂಬುವಳು. ಅದು ಅವಳ ಅತ್ತೆ ಮಾಡಿದ್ದು, ಅತ್ತೆಯ ಅತ್ತೆ ಮಾಡಿದ್ದು.

ಅಂಥ ಹೊಲದ ಮುಂದೆ ಬಂಗಾರಮ್ಮ ಕುಡುಗೋಲು ಹಿಡಿದು ನಿಂತಿದ್ದಳು.

ಕೊಯ್ಯಲೇಬೇಕೆಂಬ ಹಟಕ್ಕೆ ಕಾರಣ ಕಾಣಬೇಕಾದರೆ ಬಗ್ಗಬೇಕಿತ್ತು. ದಂಟುಗಳ ಬುಡದಲ್ಲಿ ಇನ್ನೊಂದು ಬೆಳೆ ಎದ್ದಿತ್ತು. ಗೇಣುದ್ದದ, ಒರಟು ಎಲೆಯ, ನೋಡಲು ಬಹಳ ಸಾಧುವಾದ ಗಿಡ. ಇನ್ನು ನಾಲ್ಕು ಬಿಸಿಲು ಕಂಡರೆ ಅದರ ತುಂಬ ಪುಟ್ಟ ಪುಟ್ಟ ಬಿಳಿ ಹೂ. ಹೂ ಅರಳುವ ಹೊತ್ತಿಗೆ ಮೇಲಿನ ಜೋಳ ಬೆಂಕಿಯ ಝಳ ಬಡಿದ ಹಾಗೆ ಸುಟ್ಟುಕೊಳ್ಳುತ್ತದೆ. ಮಳೆ ಬಂದರೂ ಬಾಯಾರಿ ಸಾಯುತ್ತದೆ. ಸುತ್ತಲಿನ ಊರುಗಳಲ್ಲಿ ಅದಕ್ಕೆ ಬಿಳಿಕಸ ಅನ್ನುತ್ತಾರೆ. ಈ ಊರಿನಲ್ಲಿ ಮಾತ್ರ ಅದರ ಹೆಸರು ತವರುಕಸ. ಹೆಸರಿಟ್ಟವಳು ಉಚ್ಚಂಗೆಮ್ಮ.

ಬಂಗಾರಮ್ಮ ನ್ಯಾಮತಿ ಕಡೆಯವಳು. ಅಲ್ಲಿ ಮಗಳ ಮಡಿಲಿಗೆ ಅಕ್ಕಿ ತುಂಬುತ್ತಾರೆ. ಆದರೆ ಅವಳ ಅಪ್ಪ ಚಿಕ್ಕಹನುಮಂತಪ್ಪ, ಜೋಳದ ಮನೆಗೆ ಹೆಣ್ಣು ಕೊಡುತ್ತಿದ್ದೇನೆ, ಅವರ ಮರ್ಯಾದೆಗೆ ತಕ್ಕ ಹಾಗಿರಲಿ ಎಂದು ಯೋಚಿಸಿ, ಎಲ್ಲೆಲ್ಲೋ ವಿಚಾರಿಸಿ ಮುತ್ತಿನಂಥ ಬಿಳಿಜೋಳ ತಂದು ತುಂಬಿದ. ಈ ಮನೆಯ ಪದ್ಧತಿಯೂ ಅದಕ್ಕೆ ಹೇಳಿ ಮಾಡಿಸಿದಂತಿತ್ತು: ಹೊಸ ಸೊಸೆಯ ಮಡಿಲ ಕಾಳನ್ನು ಬಿತ್ತನೆಯ ಬೀಜಕ್ಕೆ ಬೆರೆಸಿ, ಆ ವರ್ಷದ ಮೊದಲ ಸಾಲಿನ ಬೀಜವನ್ನು ಅತ್ತೆ ತನ್ನ ಕೈಯಿಂದಲೇ ಕೂರಿಗೆಗೆ ಬಿಡಬೇಕು. ಉಚ್ಚಂಗೆಮ್ಮ ಬಿಟ್ಟಳು. ಮಾರನೆಯ ವರ್ಷ ಗೋಣಿಮರದ ಹೊಲದಲ್ಲಿ, ಅಷ್ಟು ದಿನ ಯಾರೂ ಕಾಣದ ಬಿಳಿ ಹೂವು ಅಲ್ಲಲ್ಲಿ ನಕ್ಕಿತು. ಅದರ ಮಾರನೆಯ ವರ್ಷ ಹೊಲವೇ ನಕ್ಕಿತು.

"ಸೊಸೆ ಕಾಲ್ಗುಣ," ಎಂದರು ಊರಿನವರು.

"ಕಾಲ್ಗುಣ ಗೀಲ್ಗುಣ ಎಲ್ಲ ನಂಗೊತ್ತಿಲ್ಲ. ಇದು ಇವಳ ಮಡಿಲಾಗೇ ಬಂದೈತೆ," ಎಂದಳು ಉಚ್ಚಂಗೆಮ್ಮ. ಅವಳು ಊರಿನ ಜೊತೆ ಪೂರ್ತಿ ಒಪ್ಪುವವಳಲ್ಲ.

ಅವತ್ತೇ ಒಂದು ಕಟ್ಟಳೆಯಾಯಿತು. ತವರಿನಿಂದ ಒಂದು ಕಾಳೂ ಈ ಹೊಸ್ತಿಲು ದಾಟಬಾರದು. ಬಂಗಾರಮ್ಮ ದೀಪಾವಳಿಗೆ ತವರಿಗೆ ಹೋಗಿ ಬರುವಾಗ, ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು ಎಂದು ಮೂರು ಬಸ್ಸು ಬದಲಿಸಿ, ತುಂಬಿದ ಮಡಿಲನ್ನು ಕೂಸಿನಂತೆ ಕಾಪಾಡಿಕೊಂಡು ಬಂದು, ಊರ ಮುಂದಿನ ಹಳ್ಳದಲ್ಲಿ ನಿಂತು ಅಷ್ಟನ್ನೂ ಸುರಿದು, ಸೆರಗು ಝಾಡಿಸಿ, ಬರಿಮಡಿಲಲ್ಲಿ ಮನೆಗೆ ಬರಬೇಕು. ಅಪ್ಪ ಅಮ್ಮ ಇಬ್ಬರೂ ಸತ್ತು ತವರಿನ ಬಾಗಿಲು ಮುಚ್ಚಿದವಳು ಮಾತ್ರ ಹಾಗೆ ಬರುತ್ತಾಳೆ. ಅಪ್ಪ ಗಟ್ಟಿಮುಟ್ಟಾಗಿದ್ದ, ಪ್ರತಿ ವರ್ಷವೂ ಹೋದ ವರ್ಷಕ್ಕಿಂತ ಒಳ್ಳೆಯ ಕಾಳು ಹುಡುಕಿ ತುಂಬುತ್ತಿದ್ದ. ಹಳ್ಳದ ವಿಷಯವನ್ನು ಅವಳು ಅವನಿಗೆ ಹೇಳಿರಲಿಲ್ಲ. ಹಳ್ಳದ ಗುಬ್ಬಿಗಳಿಗೆ ಮಾತ್ರ ಈ ಪದ್ಧತಿ ಬಹಳ ಹಿಡಿಸಿತ್ತು. ದೀಪಾವಳಿ ಕಳೆದ ಮೇಲೆ ಅವು ಬಸ್ಸಿನ ಸದ್ದಿಗೇ ಬಂದು ಕೂರುತ್ತಿದ್ದವು.

ಹೀಗೆ ಹನ್ನೆರಡು ವರ್ಷ ಕಳೆದ ಮೇಲೆ ಹಾಲಸ್ವಾಮಿ ಬಂದ.

ಹಾಲಸ್ವಾಮಿ ಕೃಷಿ ಇಲಾಖೆಯ ಹೊಸ ಸಹಾಯಕ. ಚನ್ನಗಿರಿಯ ಅಡಿಕೆ ಮನೆತನದ ಹುಡುಗ; ಜೋಳವನ್ನು ರೊಟ್ಟಿಯ ರೂಪದಲ್ಲಿ ಮಾತ್ರ ಹತ್ತಿರದಿಂದ ಬಲ್ಲವನು. ಜಗಳೂರು ಸೀಮೆಯಲ್ಲಿ ವರ್ಷವಿಡೀ ಕೊಡೆ ಹಿಡಿದು ತಿರುಗುವವನು ಅವನೊಬ್ಬನೇ ಆದ್ದರಿಂದ ದೂರದಿಂದಲೇ ಗುರುತು ಸಿಗುತ್ತಿತ್ತು. ಆ ಕಾಲದ ಅಗಲ ಕಾಲಿನ ಬೆಲ್‌ಬಾಟಮ್ ಪ್ಯಾಂಟು ತೊಡುತ್ತಿದ್ದ. ಅದರ ಅಂಚಿಗೆ ದಾರಿಯ ಎಲ್ಲ ಹೊಲಗಳ ಎಲ್ಲ ಕಸದ ಬೀಜಗಳೂ ಅಂಟಿಕೊಂಡಿರುತ್ತಿದ್ದವು.

"ಬಾರಪ್ಪ, ಬಾ," ಎಂದಳು ಉಚ್ಚಂಗೆಮ್ಮ ಅವನು ನೀರು ಕೇಳಿ ಅಂಗಳಕ್ಕೆ ಬಂದಾಗ. "ಕಸ ಕೀಳಾಕೆ ಬಂದ್ಯೋ, ಬಿತ್ತಾಕೆ ಬಂದ್ಯೋ? ನಿನ್ ಪ್ಯಾಂಟು ಒಂದು ಝಾಡಿಸಿದ್ರೆ ಎರಡೆಕ್ರೆಗೆ ಸಾಲ್ತೈತೆ."

ಹಾಲಸ್ವಾಮಿ ನಕ್ಕು, ನೀರು ಕುಡಿದು, ಹಟ್ಟಿಯ ಗೋಡೆಗೆ ಒರಗಿಸಿದ್ದ ಜೋಳದ ಸಪ್ಪೆಯ ಹೊರೆಯನ್ನು ನೋಡಿದ. ಅದರ ನಡುವೆ ಒಣಗಿದ ಒಂದು ಬಿಳಿಕಸದ ಗಿಡ ಸಿಕ್ಕಿಕೊಂಡಿತ್ತು. ಅವನ ಮುಖದ ಬಣ್ಣವೇ ಬದಲಾಯಿತು. ತರಬೇತಿಯಲ್ಲಿ ಚಿತ್ರದಲ್ಲಿ ಕಂಡಿದ್ದನ್ನು ಎದುರಿಗೆ ನೋಡಿದ್ದು ಇದೇ ಮೊದಲು. ದೇವರ ಪಟ ನೋಡಿದ್ದವನಿಗೆ ದೇವರೇ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಹಾಗಾಯಿತು. ಮೆಲ್ಲಗೆ ಎಳೆದುಕೊಂಡು, ಅದರ ಒಣ ಕಾಯನ್ನು ಅಂಗೈ ಮೇಲೆ ತಟ್ಟಿದ. ಕಂದುಬಣ್ಣದ ಧೂಳು ಚೂರು ಬಿತ್ತು.

"ನೋಡ್ರಿ ಅಮ್ಮಾ, ಇದೇ ಬೀಜ."

"ಎಲ್ಲಿ? ಧೂಳಲ್ವಾ ಇದು?"

"ಧೂಳಲ್ಲ. ಇದರಾಗೆ ಲೆಕ್ಕ ಇಲ್ಲದಷ್ಟು ಬೀಜ ಅವೆ." ಹೇಳುವ ರಭಸಕ್ಕೆ ಅವನ ಉಸಿರು ತಾಗಿ ಅಂಗೈ ಬರಿದಾಯಿತು.

"ಎಲ್ಲಿ ಹೋದ್ವು?"

"ಈಗ... ನಿಮ್ಮ ಅಂಗಳದಾಗೆ ಅವೆ."

"ಅಯ್ಯೋ ನಿನ್ ಕೈ ಸೇದಿಹೋಗಾ! ನನ್ ಅಂಗಳಕ್ಕೆ ಯಾಕೋ ಊದ್ದೆ!"

ಆಮೇಲಿನ ಮಾತುಗಳನ್ನು ಬಂಗಾರಮ್ಮ ಬಾಗಿಲ ಸಂದಿನಲ್ಲಿ ನಿಂತು ಕೇಳಿದಳು. ಹಾಲಸ್ವಾಮಿ ಹೇಳುತ್ತಿದ್ದುದನ್ನು ಅವನೇ ಇನ್ನೂ ಪೂರ್ತಿ ನಂಬಿದಂತಿರಲಿಲ್ಲ. ಅದಕ್ಕೇ ಇರಬೇಕು, ದನಿ ತಗ್ಗಿಸಿ ಹೇಳುತ್ತಿದ್ದ. ಈ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಸತ್ತ ಹಾಗೆ ಬಿದ್ದಿರುತ್ತದಂತೆ. ಮಳೆ ಬಂದರೂ ಏಳುವುದಿಲ್ಲ, ಉತ್ತರೂ ಏಳುವುದಿಲ್ಲ. ಜೋಳದ ಬೇರು ಹತ್ತಿರ ಬಂದರೆ ಸಾಕು, ಕತ್ತಲಲ್ಲಿ ಅದರ ವಾಸನೆ ಹಿಡಿದು ಎದ್ದು, ಆ ಬೇರಿಗೇ ಬಾಯಿ ಹಾಕುತ್ತದಂತೆ. ಮೇಲೆ ಹಸಿರು ಗಿಡವಾಗಿ ಕಾಣುವ ಹೊತ್ತಿಗೆ ಕೆಳಗೆ ಎಲ್ಲ ಮುಗಿದಿರುತ್ತದೆ.

"ಅದು ಇಲ್ಲಿಗೆ ಬಂದದ್ದು ಹೆಂಗೆ, ಅದನ್ನ ಹೇಳು," ಎಂದಳು ಉಚ್ಚಂಗೆಮ್ಮ. ಅವಳಿಗೆ ಬೇಕಾಗಿದ್ದುದು ಅಷ್ಟೇ.

"ಸಾಮಾನ್ಯಕ್ಕೆ ಹೊರಗಿನ ಬಿತ್ತನೆ ಕಾಳಿನ ಜೊತೆ ಬರ್ತೈತೆ ಕಣಮ್ಮ. ಕಾಳಿಗೆ ಅಂಟ್ಕಂಡಿದ್ರೂ ಕಣ್ಣಿಗೆ ಕಾಣಲ್ಲ."

ಉಚ್ಚಂಗೆಮ್ಮ ಹನ್ನೆರಡು ವರ್ಷದ ವ್ಯಾಜ್ಯ ಗೆದ್ದ ಮುಖದಲ್ಲಿ ಬಾಗಿಲ ಕಡೆ ತಿರುಗಿದಳು. "ಕೇಳಿಸ್ತೇನೇ? ಸರ್ಕಾರದೋರೇ ಹೇಳ್ತಾವ್ರೆ. ಮಡಿಲಾಗೇ ಬಂದದ್ದು ಅಂದಿದ್ದೆ, ಇಲ್ವಾ?"

ಬಂಗಾರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಾಲ್ಗುಣ ಅಂದವರಿಗೆ ಅವಳು ಮನಸ್ಸಿನಲ್ಲೇ ನೂರು ಉತ್ತರ ಕಟ್ಟಿಟ್ಟಿದ್ದಳು. ಮಡಿಲಿಗೆ ಅವಳಲ್ಲಿ ಉತ್ತರವಿರಲಿಲ್ಲ. ಅಪ್ಪ ಊರೂರು ತಿರುಗಿ ಆರಿಸಿದ ಕಾಳು. ಅದರ ಮೈಗೆ ಅಂಟಿದ ಧೂಳು. ಅತ್ತೆಯ ಮಾತು ಸುಳ್ಳೆಂದು ಅಷ್ಟು ವರ್ಷ ಉಸಿರು ಹಿಡಿದಿದ್ದವಳಿಗೆ ಅದು ನಿಜವೆಂದು ತಿಳಿದಾಗ ಅಳುವೂ ಬರಲಿಲ್ಲ.

ಹಾಲಸ್ವಾಮಿಗೆ ಮನೆಯ ಒಳಗುಟ್ಟು ತಿಳಿಯದು. ಅವನು ಮುಂದುವರಿಸಿದ: "ಬಂದದ್ದು ಚಿಟಿಕೆಯಷ್ಟು ಇರ್ತೈತೆ. ಹೊಲ ತುಂಬಾ ಆಗೋದು ಆಮೇಲೆ. ಕಿತ್ತ ಕಸಾನ ಎಲ್ಲಿ ಹಾಕ್ತಿದ್ರಿ?"

"ಎಲ್ಲಿ ಹಾಕ್ತಾರೆ? ತಿಪ್ಪೆಗೆ."

"ಹೂ ಬಿಟ್ಟಿದ್ದನ್ನಾ?"

"ಹೂ ಬಿಟ್ಮ್ಯಾಲೆ ತಾನೇ ಕಣ್ಣಿಗೆ ಬೀಳೋದು? ಒಂದೂ ಬಿಡದಂಗೆ ನಾನೇ ಕೂತು ಕಿತ್ತು ತಿಪ್ಪೆಗೆ ಹಾಕ್ಸೀನಿ."

"ತಿಪ್ಪೆ ಗೊಬ್ಬರ ಎಲ್ಲಿಗೆ ಹೊಡೆದ್ರಿ?"

ಅಂಗಳದ ಮೂಲೆಯಲ್ಲಿ ಕೂತಿದ್ದ ಗಿಡ್ಡಪ್ಪ ಎದ್ದು, ಏನೂ ಕೆಲಸವಿಲ್ಲದಿದ್ದರೂ, ಎತ್ತಿನ ಕಣ್ಣಿ ಬಿಚ್ಚಿ ಮತ್ತೆ ಕಟ್ಟಿದ. ಗೋಣಿಮರದ ಹೊಲಕ್ಕೇ ಅತ್ತೆ ಎಲ್ಲಕ್ಕಿಂತ ಹೆಚ್ಚು ಗೊಬ್ಬರ ಹೊಡೆಸಿದ್ದಳು, ಪಾಪ ಬಡವಾಗಿದೆ ಎಂದು.

ಉಪಾಯ ಏನೆಂದು ಕೇಳಿದವಳು ಬಂಗಾರಮ್ಮ. ಹಾಲಸ್ವಾಮಿ ಹೇಳಿದ್ದು ಯಾರಿಗೂ ಉಪಾಯದಂತೆ ಕೇಳಿಸಲಿಲ್ಲ. ಒಂದು ವರ್ಷ ಹೊಲದ ತುಂಬ ಮೇವಿನ ಅಲಸಂದೆ ಹಾಕಿ. ಅಲಸಂದೆ ಬೇರಿನ ವಾಸನೆಗೂ ಬಿಳಿಕಸದ ಬೀಜ ಏಳುತ್ತದೆ, ಎದ್ದು ನೋಡಿದರೆ ಆ ಬೇರು ಅದಕ್ಕೆ ಬಾಯಿ ಕೊಡುವುದಿಲ್ಲ, ಮತ್ತೆ ಮಲಗುವುದಕ್ಕೂ ಬರುವುದಿಲ್ಲ, ಅಲ್ಲೇ ಸಾಯುತ್ತದೆ. ಮರುವರ್ಷ ಜೋಳವನ್ನು ಮೇವಿಗೆಂದು ಒತ್ತಾಗಿ ಹಾಕಿ. ಉಳಿದ ಬೀಜ ಇದು ನಮ್ಮ ಊಟ ಎಂದು ಏಳುತ್ತದೆ. ಅದು ಹೂ ಬಿಡುವ ಮುಂಚೆ ಜೋಳವನ್ನೇ ಕೊಯ್ದು ದನಕ್ಕೆ ಹಾಕಿಬಿಡಿ. ದಂಟು ಕೊರೆಯುವ ಹುಳವೂ ಜೊತೆಗೆ ದನದ ಹೊಟ್ಟೆ ಸೇರುತ್ತದೆ. ಮೂರನೇ ವರ್ಷ ಊಟದ ಜೋಳ ಬಿತ್ತಿ.

"ಎರಡು ವರ್ಷ ನಾವು ಏನ್ ತಿನ್ನಾನ?" ಎಂದ ಗಿಡ್ಡಪ್ಪ.

"ಈಗ ಆ ಹೊಲದಾಗೆ ಏನ್ ಬಂದೈತೆ ಅಂತ ತಿಂತಿದ್ದೀಯಾ?" ಎಂದಳು ಬಂಗಾರಮ್ಮ. ಬೇರೆ ಎರಡು ಹೊಲಗಳ ಮೇಲೆ ಮನೆ ನಡೆಯುತ್ತಿತ್ತು.

ಉಚ್ಚಂಗೆಮ್ಮ ಅಂಗಳದ ಮಣ್ಣನ್ನೇ ನೋಡುತ್ತ ಒಂದು ಮಾತು ಹೇಳಿದಳು. "ಮಾಡಲಿ. ಗೋಣಿಮರದ ಹೊಲದಾಗೆ ಜೋಳ ನಿಂತು, ಒಂದೇ ಒಂದು ಬಿಳಿ ಹೂವೂ ಕಾಣದ ವರ್ಷ ಬರಲಿ. ಅವತ್ತು ಇವಳು ತುಂಬಿದ ಮಡಿಲು ತಗಂಡು ಹಳ್ಳ ದಾಟಲಿ. ಒಂದು ಹೂವು ಕಂಡ್ರೂ ಇಲ್ಲ. ಇದು ನನ್ ಮಾತು." ಆಮೇಲೆ ಪೊರಕೆ ತಂದು, ಹಾಲಸ್ವಾಮಿಯನ್ನೂ ಎಬ್ಬಿಸಿ, ಅಂಗಳವನ್ನು ಗುಡಿಸಿದಳು. ಗುಡಿಸಿದ್ದನ್ನು ಒಲೆಗೆ ಹಾಕಿದಳು.

ಮೊದಲ ವರ್ಷ ಅಲಸಂದೆ ಹೊಲವನ್ನು ಕಂಬಳಿಯಂತೆ ಹೊದ್ದುಕೊಂಡಿತು. ಅದರ ನೆರಳಿಗೆ ಉಳಿದ ಕಸವೂ ತಲೆ ಎತ್ತಲಿಲ್ಲ. ಪಕ್ಕದ ಹೊಲದ ಗೋಣೆಪ್ಪ ದಿನಾ ನಿಂತು, "ಏನ್ ಗಿಡ್ಡಪ್ಪ, ಎಮ್ಮೆ ಹೆಸರಿಗೆ ಹೊಲದ ಪಹಣಿ ಮಾಡಿಸಿಬಿಟ್ಯಂತೆ?" ಎಂದು ಕೇಳಿ ಹೋಗುತ್ತಿದ್ದ. ಎಮ್ಮೆ ಮೈತುಂಬಿಕೊಂಡು ಹೊಳೆಯಿತು. ಅದಕ್ಕೆ ಇಂಥ ವ್ಯವಸಾಯದಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ನಡೆಯಬೇಕಾದದ್ದು ಮಣ್ಣಿನ ಕೆಳಗೆ. ಹೊರಗೆ ತೋರಿಸಲು ಏನೂ ಇರಲಿಲ್ಲ. ಮೇವು ಕೊಯ್ಯಲು ಹೋದಾಗ ಬಂಗಾರಮ್ಮ ಒಮ್ಮೊಮ್ಮೆ ಕುಡುಗೋಲು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದಳು. ಪಾದದಡಿಯ ತಂಪು ಮಣ್ಣಿನಲ್ಲಿ, ಈಗ, ಈ ಗಳಿಗೆಯಲ್ಲಿ, ಧೂಳಿಗಿಂತ ಸಣ್ಣದೊಂದು ಜೀವ ಹನ್ನೆರಡು ವರ್ಷದ ನಿದ್ದೆಯಿಂದ ಏಳುತ್ತಿದೆ. ಯಾರೋ ಕರೆದರೆಂದು ಎದ್ದಿದೆ. ಹೋದರೆ ಆ ಮನೆಯಲ್ಲಿ ಒಲೆಯೇ ಇಲ್ಲ. ಅಷ್ಟು ವರ್ಷ ತನ್ನನ್ನು ಉರಿಸಿದ ಕಸದ ಮೇಲೆ ಕನಿಕರ ಹುಟ್ಟುವುದು ಸರಿಯಲ್ಲವೆಂದು ಎದ್ದು ಮತ್ತೆ ಕೊಯ್ಯುತ್ತಿದ್ದಳು.

ಎರಡನೇ ವರ್ಷದ್ದು, ಬಂಗಾರಮ್ಮ ಈಗ ಕುಡುಗೋಲು ಹಿಡಿದು ಮುಂದೆ ನಿಂತಿದ್ದ ಈ ಜೋಳ. ಇದರಲ್ಲೊಂದು ಇಕ್ಕಟ್ಟಿತ್ತು. ಎಳೆ ಜೋಳದ ದಂಟಿನಲ್ಲಿ ನಂಜಿರುತ್ತದೆ. ಗೋಣೆಪ್ಪನ ಎತ್ತೊಂದು ಮೊಣಕಾಲೆತ್ತರದ ಪೈರಿಗೆ ಬಾಯಿ ಹಾಕಿ, ಮನೆ ಮುಟ್ಟುವುದರೊಳಗೆ ಕಾಲು ಚಾಚಿದ್ದನ್ನು ಊರೇ ಕಂಡಿತ್ತು. ನಂಜು ಇಳಿಯುವವರೆಗೆ ಕೊಯ್ಯುವಂತಿಲ್ಲ. ಬಿಳಿಕಸ ಹೂ ಬಿಟ್ಟಮೇಲೆ ಕೊಯ್ದು ಉಪಯೋಗವಿಲ್ಲ. ಎರಡರ ನಡುವೆ ಉಳಿಯುವುದು ಕೆಲವೇ ದಿನ. ಆ ದಿನಗಳಲ್ಲೇ ಪೈರಿಗೆ ಹೊಡೆ ತುಂಬುತ್ತದೆ. ಹಾಲಸ್ವಾಮಿ ಚನ್ನಗಿರಿಯವನು, ಹೊಡೆ ತುಂಬಿದ ಹೊಲಕ್ಕೆ ಕಬ್ಬಿಣ ತರಬಾರದೆಂಬುದು ಅವನ ತರಬೇತಿಯಲ್ಲಿ ಇರಲಿಲ್ಲ.

"ಸುಮ್ನೆ ತೆನೆ ಬಿಡಲಿ ಬಿಡೇ," ಎಂದ ಗಿಡ್ಡಪ್ಪ ಬೀಡಿಯ ಹೊಗೆಯ ಹಿಂದಿನಿಂದ. "ಎಷ್ಟು ಚೆಂದ ಬಂದೈತೆ ನೋಡು. ಈ ಸಲ ಕಸ ಏನೂ ಮಾಡಲ್ಲ ಅನ್ಸುತ್ತೆ."

"ಪ್ರತಿ ಸಲಾನೂ ನಿಂಗೆ ಹಂಗೇ ಅನ್ಸುತ್ತೆ."

"ಅವ್ವ ಬರ್ತಾವ್ಳೆ," ಎಂದ ಅವನು, ಮುಳುಗುವವನಿಗೆ ದೋಣಿ ಕಂಡ ಹಾಗೆ.

ಉಚ್ಚಂಗೆಮ್ಮ ಬದುವಿನ ಮೇಲೆ ಬರುತ್ತಿದ್ದಳು. ತಲೆಯ ಮೇಲೆ ಸೆರಗು, ಒಂದು ಕೈಯಲ್ಲಿ ಮಡಿಲು ತುಂಬುವ ತಟ್ಟೆ, ಇನ್ನೊಂದರಲ್ಲಿ ನೀರಿನ ತಂಬಿಗೆ. ಕೆರ ದೂರದಲ್ಲೇ ಬಿಟ್ಟಿದ್ದಳು. ಸೊಸೆಯ ಕೈಯ ಕುಡುಗೋಲು ಕಂಡು ನಿಂತಳು.

"ಬಳೆ ತೊಡಿಸೋ ಹೊಲಕ್ಕೆ ಏನ್ ಹಿಡ್ಕಂಡು ನಿಂತಿದ್ದೀಯೇ?"

ಬಂಗಾರಮ್ಮ ಕುಡುಗೋಲು ಕೆಳಗಿಟ್ಟು, ಮಂಡಿಯೂರಿ, ಬುಡದಲ್ಲಿ ಕಸ ಎದ್ದಿದ್ದ ಒಂದು ಜೋಳದ ಗಿಡದ ಸುತ್ತ ಬೆರಳು ಇಳಿಸಿದಳು. ಮಳೆಗೆ ಮಣ್ಣು ಸಡಿಲವಾಗಿತ್ತು. ಮಣ್ಣುಂಡೆ ಸಮೇತ ಎರಡೂ ಒಟ್ಟಿಗೆ ಮೇಲೆ ಬಂದವು. ಅತ್ತೆಯ ಕೈಯಿಂದ ತಂಬಿಗೆ ತೆಗೆದುಕೊಂಡು, ಬೇರಿನ ಮೇಲೆ ಧಾರೆಯಾಗಿ ನೀರು ಬಿಟ್ಟಳು. ದೇವರ ನೀರು ಹೀಗೆ ಮಣ್ಣುಪಾಲಾದುದಕ್ಕೆ ಉಚ್ಚಂಗೆಮ್ಮ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು.

ಮಣ್ಣು ಕರಗಿ ಹೋದಂತೆ ಬೇರುಗಳು ಬಿಳಿಯಾಗಿ ಹೊರಬಂದವು. ಜೋಳದ ಬೇರು ಯಾವುದು, ಕಸದ ಬೇರು ಯಾವುದೆಂದು ಹುಡುಕಿಕೊಂಡು ಹೋದ ಕಣ್ಣು ಒಂದು ಕಡೆ ನಿಲ್ಲುತ್ತಿತ್ತು. ಅಲ್ಲಿ ಸಣ್ಣದೊಂದು ಗಂಟು. ಗಂಟಿನ ಈಚೆ ಕಸ, ಆಚೆ ಜೋಳ, ನಡುವೆ ಗೆರೆಯಿಲ್ಲ. ಕಸಕ್ಕೆ ತನ್ನದೆಂಬ ಬೇರು ಇದ್ದೂ ಇಲ್ಲದ ಹಾಗಿತ್ತು. ಅದರ ಬಾಯಿ ಇದ್ದುದು ಜೋಳದ ಮೈಯೊಳಗೆ. ಮಣ್ಣಿನ ಕೆಳಗೆ ನೆಲೆಯಿಲ್ಲದ ಅಷ್ಟು ಕತ್ತಲಿರುವಾಗ, ಕಣ್ಣಿಲ್ಲದ ಧೂಳಿನ ಕಣ ಈ ಜಾಗಕ್ಕೇ ಬಂದು, ಇಷ್ಟು ಅಂದವಾಗಿ ಅಂಟಿಕೊಂಡಿತ್ತು. ಗಿಡ್ಡಪ್ಪ ಬೀಡಿ ಮರೆತು ಎದ್ದು ಬಂದು ಬಗ್ಗಿದ. ಮೂವರೂ ಬಗ್ಗಿ ನೋಡಿದರು. ಯಾರಾದರೂ ಉಸಿರು ಬಿಡಲಿ ಎಂದು ಕಾಯುತ್ತಿದ್ದವರಂತೆ ಜೋಳದ ಗರಿಗಳು ಅಲುಗಾಡಲಿಲ್ಲ.

"ಮೊಲೆ ಕಚ್ಕಂಡೈತಲ್ಲೇ," ಎಂದಳು ಉಚ್ಚಂಗೆಮ್ಮ ಬಹಳ ಮೆಲ್ಲಗೆ.

ಅವಳು ತಟ್ಟೆ ಬದುವಿನ ಮೇಲಿಟ್ಟು ಕೂತಳು. ಹನ್ನೆರಡು ವರ್ಷ ಈ ಕಸವನ್ನು ಬೈದಿದ್ದಳು, ಕಿತ್ತಿದ್ದಳು, ಇದಕ್ಕೆ ಹೆಸರಿಟ್ಟು ಊರಿಗೆಲ್ಲ ಹಂಚಿದ್ದಳು. ಅದರ ಬೇರನ್ನು ನೋಡಿರಲಿಲ್ಲ. ಎಳೆದರೆ ಕಸ ಮೇಲೆ ಬರುತ್ತದೆ, ಬಾಯಿ ಅಲ್ಲೇ ಕಚ್ಚಿಕೊಂಡು ಉಳಿಯುತ್ತದೆ. ಬೆರಳಿನಿಂದ ಆ ಗಂಟನ್ನು ಮುಟ್ಟಿದಳು, ಮಲಗಿದ ಕೂಸಿನ ತುಟಿ ಮುಟ್ಟುವಷ್ಟು ಹಗುರವಾಗಿ. ಆಮೇಲೆ ತಲೆಯೆತ್ತಿ ಹೊಲವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಅಷ್ಟೂ ದಂಟಿನ ಕೆಳಗೆ ಇದೇ ನಡೆಯುತ್ತಿದೆಯೆಂದು ತಿಳಿದವಳ ಹಾಗೆ.

"ಗಿಡ್ಡಾ, ಬೀಡಿ ಬಿಸಾಕು."

"ಆರಿ ಹೋಗೈತವ್ವ."

"ಬಸುರಿ ಅಂತ ಯಾರೋ ಹೇಳಿದ್ದು ನಿಂಗೆ? ಬಸುರಿ ಅಲ್ಲ ಕಣಲೇ ಇದು. ಬಾಣಂತಿ. ಯಾರ್ದೋ ಕೂಸಿಗೆ ಹಾಲೂಡಿಸ್ತಾ ನಿಂತೈತೆ, ಒಣಗಿ ಸಾಯೋ ಗಂಟ." ಅವಳು ಎದ್ದು ಸೆರಗು ಸಿಕ್ಕಿಸಿದಳು. "ಬಾಣಂತಿ ಮಗ್ಗುಲಾಗೆ ಕಬ್ಬಿಣ ಇಡ್ತಾರೋ ಇಲ್ವೋ? ನೀನು ಹುಟ್ಟಿದಾಗ ನನ್ ತಲೆದಿಂಬಿನ ಕೆಳಗೆ ಇದೇ ಕುಡುಗೋಲಿತ್ತು. ಕೊಡೇ ಇಲ್ಲಿ."

ಬಂಗಾರಮ್ಮ ಕೊಟ್ಟಳು. ಉಚ್ಚಂಗೆಮ್ಮ ಮೊದಲ ದಂಟಿಗೆ ಕುಂಕುಮ ಹಚ್ಚಿ, ಬಳೆ ತೊಡಿಸಿ, ಕೈಮುಗಿದು, ಅದೇ ದಂಟನ್ನು ಕೊಯ್ದಳು. ಎರಡನೆಯದನ್ನೂ ಕೊಯ್ದಳು. ಕೊಯ್ಯುತ್ತ ಹೊಲದ ಜೊತೆ ಏನೋ ಮಾತಾಡಿಕೊಳ್ಳುತ್ತಿದ್ದಳು. ಬೈಗುಳವೇ ಇರಬೇಕು, ಆದರೆ ದನಿ ಬೈಗುಳದ್ದಾಗಿರಲಿಲ್ಲ. ಸಂಜೆಯ ಹೊತ್ತಿಗೆ ಗಿಡ್ಡಪ್ಪ ಗಾಡಿ ತುಂಬ ಹಸಿ ಮೇವು ಹೇರಿ, ಎತ್ತುಗಳನ್ನು ಬಾಯಿ ತುಂಬ ಬೈಯುತ್ತ ಮನೆಗೆ ಹೊಡೆದ. ಬುಡದಲ್ಲಿ ಉಳಿದ ಕಸಕ್ಕೆ ಮಾರನೆಯ ದಿನ ಕುಂಟೆ ಹೊಡೆದು, ರಾಶಿ ಹಾಕಿ, ಒಣಗಿದ ಮೇಲೆ ಬದುವಿನ ಬಂಡೆಯ ಮೇಲೆ ಸುಟ್ಟರು. ತಿಪ್ಪೆಯ ಕಡೆಗೆ ಒಂದು ಎಳೆಯೂ ಹೋಗದಂತೆ ಉಚ್ಚಂಗೆಮ್ಮ ಕೋಲು ಹಿಡಿದು ಕಾದಳು.

ಮೂರನೇ ವರ್ಷ ಊಟದ ಜೋಳ ಬಿತ್ತಿದರು. ಮುಂಗಾರು ಒಮ್ಮೆ ಮುನಿಸಿಕೊಂಡು ಮತ್ತೆ ಬಂತು. ಹೊಡೆ ತುಂಬಿತು, ಕಬ್ಬಿಣ ದೂರ ಉಳಿಯಿತು, ಬಳೆ ತೊಡಿಸಿದ್ದಾಯಿತು. ತೆನೆ ಹೊರಬಿದ್ದು ಹಾಲುಗಾಳಾಯಿತು. ಆ ಹೊಲದ ಜೋಳ ಹಾಲುಗಾಳಾದದ್ದನ್ನು ಗಿಡ್ಡಪ್ಪ ಕಂಡು ಎಷ್ಟೋ ವರ್ಷವಾಗಿತ್ತು. ಗೋಣೆಪ್ಪ ಈಗ ದಿನಾ ನಿಂತು, ಏನೂ ಕೇಳದೆ ಹೋಗುತ್ತಿದ್ದ.

ಹಸ್ತ ಮಳೆಯ ಒಂದು ಮಧ್ಯಾಹ್ನ ಉಚ್ಚಂಗೆಮ್ಮ ತನ್ನ ಮಾತಿನ ಲೆಕ್ಕ ತೀರಿಸಲು ಹೊಲಕ್ಕೆ ಬಂದಳು. ಪ್ರತಿ ಸಾಲಿನಲ್ಲೂ ತಾನೇ ನಡೆದು ನೋಡಬೇಕು, ಬೇರೆಯವರ ಕಣ್ಣಿನ ಮೇಲೆ ನಂಬಿಕೆಯಿಲ್ಲ. ಬಂಗಾರಮ್ಮ ಪಕ್ಕದ ಸಾಲಿನಲ್ಲಿ ನಡೆದಳು. ಬದುವಿನ ಮೇಲೆ ಗಿಡ್ಡಪ್ಪನೂ ಹಾಲಸ್ವಾಮಿಯೂ ಕೂತಿದ್ದರು. ಸೋನೆ ಹನಿಯುತ್ತಿತ್ತು, ಹಾಲಸ್ವಾಮಿಯ ಕೊಡೆಗೆ ಆ ಸೀಮೆಯಲ್ಲಿ ಮೊದಲ ಬಾರಿಗೆ ಮರ್ಯಾದೆ ಬಂದಿತ್ತು, ಗಿಡ್ಡಪ್ಪ ಅದರೊಳಗೆ ಅರ್ಧ ತೂರಿಕೊಂಡಿದ್ದ.

ಅತ್ತೆ ಬಗ್ಗಿ ಬಗ್ಗಿ ದಂಟುಗಳ ಬುಡ ಸರಿಸುತ್ತ ಹೋಗುತ್ತಿದ್ದಳು. ಸಾಲು ಮುಗಿಯಿತು, ಇನ್ನೊಂದು ಮುಗಿಯಿತು. ಬುಡದಲ್ಲಿ ಮಣ್ಣು, ಇರುವೆ, ಉದುರಿದ ಗರಿ. ಬಂಗಾರಮ್ಮನ ಕಣ್ಣು ನೆಲಕ್ಕಿಂತ ಹೆಚ್ಚಾಗಿ ಅತ್ತೆಯ ಬೆನ್ನಿನ ಮೇಲಿತ್ತು. ಅಪ್ಪ ಈ ವರ್ಷ ಯಾವ ಕಾಳು ಹುಡುಕಿಟ್ಟಿರಬಹುದೆಂಬ ಯೋಚನೆ ಬಂತು. ಅದನ್ನು ಬೇಡವೆಂದು ತಳ್ಳಿದಳು. ಹೊಲದ ಮುಕ್ಕಾಲು ಪಾಲು ಮುಗಿದ ಮೇಲೆ ಗೋಣಿಮರದ ಹತ್ತಿರ ಅತ್ತೆಯ ಬೆನ್ನು ನಿಂತಿತು.

ನಿಂತದ್ದು ಮತ್ತೆ ಅಲುಗಲಿಲ್ಲ.

ಬಂಗಾರಮ್ಮ ಎರಡು ದಂಟಿನ ನಡುವೆ ನೋಡಿದಳು. ಅತ್ತೆಯ ಮುಂದೆ, ಜೋಳವೊಂದರ ಬುಡದಲ್ಲಿ, ಹನಿ ಹೊತ್ತು ನಿಂತಿತ್ತು: ಒಂದು ಗಿಡ. ಅದರ ಮೇಲೆ ಅಕ್ಕಿಯ ಕಾಳಿನಷ್ಟು ಬಿಳಿ ಹೂವು, ಒಂದೇ ಒಂದು. ಅಲಸಂದೆ ಕರೆದರೂ ಎದ್ದಿರಲಿಲ್ಲ, ಮೇವಿನ ಜೋಳ ಕರೆದರೂ ಎದ್ದಿರಲಿಲ್ಲ. ಎರಡು ವರ್ಷದ ಎರಡು ಮೋಸವನ್ನೂ ಮಲಗಿ ದಾಟಿ, ನಿಜವಾದ ಬೇರಿಗಾಗಿ ಕಾದು ಎದ್ದಿತ್ತು. ಅದರ ಹೂವು ಎಷ್ಟು ಚೆಂದವಿತ್ತೆಂದು ಬಂಗಾರಮ್ಮ ಅವತ್ತೇ ಮೊದಲು ನೋಡಿದ್ದು. ಅತ್ತೆಯ ಕೂಗಿಗೆ ಅವಳು ಕಾದಳು. ಬದುವಿನವರೆಗೆ, ಊರವರೆಗೆ, ನ್ಯಾಮತಿಯವರೆಗೆ ಕೇಳಿಸುವ ಕೂಗು.

ಉಚ್ಚಂಗೆಮ್ಮ ಕೂಗಲಿಲ್ಲ. ಬಗ್ಗಿದಳು. ಒಂದು ಕೈಯನ್ನು ಹೂವಿನ ಮೇಲೆ ಬೋಗುಣಿಯಂತೆ ಮುಚ್ಚಿ, ಇನ್ನೊಂದು ಕೈಯ ಬೆರಳುಗಳನ್ನು ಮಣ್ಣಿನಲ್ಲಿ ಆಳಕ್ಕೆ ಇಳಿಸಿ, ಕಚ್ಚಿದ ಬಾಯಿ ಬಿಡಿಸುವಷ್ಟು ತಾಳ್ಮೆಯಿಂದ ಗಿಡವನ್ನು ಬೇರುಸಮೇತ ಎತ್ತಿದಳು. ಸೆರಗಿನ ತುದಿ ಬಿಡಿಸಿ, ಅದರಲ್ಲಿ ಮಲಗಿಸಿ, ಮಡಚಿ, ಗಂಟು ಹಾಕಿದಳು. ಗಂಟನ್ನು ಮಡಿಲೊಳಗೆ ಸಿಕ್ಕಿಸಿದಳು. ಎದ್ದು ಮುಂದಿನ ಸಾಲಿಗೆ ಹೊರಳಿ, ಮತ್ತೆ ದಂಟು ಸರಿಸುತ್ತ ಹೋದಳು. ಸೊಸೆಯ ಕಡೆ ನೋಡಲಿಲ್ಲ. ಬಂಗಾರಮ್ಮ ಇರುವೆಗಳನ್ನು ಬಹಳ ಗಮನವಿಟ್ಟು ನೋಡುತ್ತ ನಡೆದಳು.

"ಏನವ್ವ?" ಎಂದ ಗಿಡ್ಡಪ್ಪ, ಅವರು ಬದುವಿಗೆ ಬಂದಾಗ.

"ಏನೈತೆ? ಜೋಳ ಐತೆ."

"ಒಂದೂ ಕಾಣ್ಲಿಲ್ವೇನ್ರಿ ಅಮ್ಮಾ?" ಹಾಲಸ್ವಾಮಿಯ ದನಿಯಲ್ಲಿ ಸಂತೋಷಕ್ಕಿಂತ ಆಶ್ಚರ್ಯ ಹೆಚ್ಚಿತ್ತು. "ಪೂರ್ತಿ ಹೋಗಾಕೆ ಇನ್ನೂ ವರ್ಷಗಳು ಬೇಕು ಅಂತಾರಪ್ಪ..."

"ನೀನು ಮೊದ್ಲು ಪ್ಯಾಂಟು ಝಾಡಿಸ್ಕಂಡು ಹೋಗು. ಇಲ್ಲಲ್ಲ, ಆಚೆ. ಬಂಡೆ ಮ್ಯಾಲೆ."

ಆ ಸಂಜೆ ಬಂಗಾರಮ್ಮ ರೊಟ್ಟಿ ತಟ್ಟುತ್ತಿದ್ದಳು. ಉಚ್ಚಂಗೆಮ್ಮ ಒಲೆಯ ಮುಂದೆ ಬಂದು ಕೂತು, ಚಳಿಗೆಂಬಂತೆ ಕೈ ಚಾಚಿದಳು. ಸ್ವಲ್ಪ ಹೊತ್ತಿಗೆ ಒಲೆಯೊಳಗೆ ಹಸಿಯಾದದ್ದೇನೋ ಚಿಟಪಟ ಎಂದು ಸಿಡಿದು ಸುಮ್ಮನಾಯಿತು.

"ಉರಿ ಜಾಸ್ತಿ ಆತು. ರೊಟ್ಟಿ ತಿರುವಿ ಹಾಕು," ಎಂದಳು ಉಚ್ಚಂಗೆಮ್ಮ.

ಬಂಗಾರಮ್ಮ ತಿರುವಿದಳು.

"ದೀಪಾವಳಿಗೆ ಹೋದೋಳು ಹಬ್ಬ ಮುಗಿದ್ಮ್ಯಾಲೆ ಅಲ್ಲೇ ಕೂತ್ಕಬ್ಯಾಡ. ಬರೋವಾಗ ಹಳ್ಳದಾಗೆ ನಿಂತು ಹೊತ್ತು ಕಳೀಬ್ಯಾಡ. ನೆಟ್ಟಗೆ ಬಾ. ಎಮ್ಮೆ ನನ್ ಕೈಗೆ ಹಾಲು ಕೊಡಲ್ಲ."

"ಹೂಂ."

"ತಂದದ್ದನ್ನ ಬಿತ್ತಾಕೆ ಇಡಬ್ಯಾಡ. ಬೀಸಿ ರೊಟ್ಟಿ ಮಾಡಾನ."

"ಹೂಂ, ಅತ್ತೆ."

ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಉಚ್ಚಂಗೆಮ್ಮ ಸೆರಗಿನ ತುದಿಯನ್ನು ತೊಡೆಯ ಮೇಲೆ ಹರವಿಕೊಂಡು ಅಂಗೈಯಿಂದ ಉಜ್ಜುತ್ತಿದ್ದಳು. ಗಂಟು ಬಿದ್ದಿದ್ದ ಕಡೆಯ ಸುಕ್ಕು ಎಷ್ಟು ಉಜ್ಜಿದರೂ ಹಾಗೇ ಇತ್ತು.